ಪ್ರಶ್ನೋತ್ತರ: ಹಳೆಯ ಚಿನ್ನದ ನೆಲದಲ್ಲಿ ಜಾಲಿಸಲು ಹೊರಟವರಿಗೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1851ರಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದರು. ಬ್ಯಾಲರಾಟ್, ಬೆಂಡಿಗೊ, ಡನಾಲಿ ಸುತ್ತಿನ ಆ ನೆಲದಲ್ಲಿ ಇಂದಿಗೂ ಹವ್ಯಾಸಕ್ಕೆ ಚಿನ್ನ ಹುಡುಕುವವರಿದ್ದಾರೆ. ಅಲ್ಲಿಗೆ ಹೊರಟ ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರ: ರಜೆಯಲ್ಲಿ ಮೆಲ್ಬರ್ನ್‌ನಿಂದ ಕಾರಿನಲ್ಲಿ ನಾಲ್ಕು ದಿನ ಹೋಗಿಬರುವ ಯೋಚನೆ. ಕಂಡಕಂಡಲ್ಲಿ ಅಗೆಯಬಹುದೆ? ಸಿಕ್ಕಿದ್ದು ನಮ್ಮದೇ ಆಗುತ್ತದೆಯೆ?

ಉ: ಸಿಕ್ಕಿದ್ದು ನಿಮ್ಮದೇ. ಆದರೆ ಹುಡುಕಾಟಕ್ಕೆ ಮೊದಲು ‘ಮೈನರ್ಸ್ ರೈಟ್’ ಎಂಬ ಅನುಮತಿ ಚೀಟಿ ಕೈಯಲ್ಲಿರಬೇಕು. ರಾಜ್ಯ ಸರ್ಕಾರದ ಜಾಲತಾಣದಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತದೆ, 10 ವರ್ಷ ನಡೆಯುತ್ತದೆ. ಕೈ ಉಪಕರಣ, ಮೆಟಲ್ ಡಿಟೆಕ್ಟರ್ ಬಳಸಬಹುದು. ಅಗೆಯುವ ಯಂತ್ರ, ಸಿಡಿಮದ್ದು ಕೂಡದು. ರಾಷ್ಟ್ರೀಯ ಉದ್ಯಾನಗಳು ಹೆಚ್ಚಾಗಿ ನಿಷಿದ್ಧ. ಕ್ಯಾಸಲ್‌ಮೇನ್ ಡಿಗಿಂಗ್ಸ್‌ನಂಥ ಕೆಲವು ಕಡೆ ಗುರುತು ಮಾಡಿದ ಭಾಗದಲ್ಲಿ ಮಾತ್ರ ಅವಕಾಶವಿದೆ. ಮೂಲನಿವಾಸಿಗಳ ಪಾರಂಪರಿಕ ತಾಣಗಳನ್ನು ಮುಟ್ಟುವಂತಿಲ್ಲ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಯಾವ ಜಾಗದ ಮೇಲೆ ಬೇರೆಯವರ ಗಣಿ ಪರವಾನಗಿ ಇದೆ ಎಂಬುದನ್ನು ಸರ್ಕಾರದ ‘ಜಿಯೋವಿಕ್’ ನಕ್ಷೆಯಲ್ಲಿ ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ಕಾಡಿನೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ರಾಜ್ಯದ ಗಡಿ ದಾಟಿದರೆ ಈ ಚೀಟಿ ನಡೆಯದು. ಅಲ್ಲಿನ ಕಾನೂನೇ ಬೇರೆ.

ಪ್ರ: ಯಾವ ದಾರಿ ಹಿಡಿಯಬೇಕು? ದೊಡ್ಡ ಗಟ್ಟಿಗಳು ಸಿಕ್ಕಿದ್ದು ಎಲ್ಲಿ?

ಉ: ಮೆಲ್ಬರ್ನ್‌ನಿಂದ ಬ್ಯಾಲರಾಟ್‌ಗೆ ಸುಮಾರು 115 ಕಿ.ಮೀ. ಅಲ್ಲಿಂದ ಉತ್ತರಕ್ಕೆ ಮೇರಿಬರೊ, ಡನಾಲಿ, ಮೋಲಿಯಾಗುಲ್, ವೆಡರ್‌ಬರ್ನ್ ನೋಡಿಕೊಂಡು ಬೆಂಡಿಗೊ ಮೂಲಕ ವಾಪಸಾಗಬಹುದು. 1869ರ ಫೆಬ್ರವರಿ 5ರಂದು ಜಾನ್ ಡೀಸನ್, ರಿಚರ್ಡ್ ಓಟ್ಸ್ ಅವರಿಗೆ ‘ವೆಲ್‌ಕಮ್ ಸ್ಟ್ರೇಂಜರ್’ ಗಟ್ಟಿ ಸಿಕ್ಕಿದ್ದು ಮೋಲಿಯಾಗುಲ್‌ನಲ್ಲಿ, ನೆಲದಿಂದ ಬರೀ ಮೂರು ಸೆಂ.ಮೀ. ಕೆಳಗೆ. ಡನಾಲಿಯಲ್ಲಿ ಅದನ್ನು ತೂಗುವಷ್ಟು ದೊಡ್ಡ ತಕ್ಕಡಿ ಇರಲಿಲ್ಲ. ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಬೇಕಾಯಿತು. 1980ರಲ್ಲಿ ಕಿಂಗೋವರ್ ಬಳಿ ಡಿಟೆಕ್ಟರ್‌ಗೆ ಸಿಕ್ಕ ‘ಹ್ಯಾಂಡ್ ಆಫ್ ಫೇತ್’ 27 ಕಿಲೋ ಇತ್ತು. ಇವನ್ನು ನೆನೆದುಕೊಂಡು ಪೆಟ್ರೋಲ್ ಲೆಕ್ಕ ಹಾಕಬೇಡಿ. ಇಡೀ ದಿನಕ್ಕೆ ಅಕ್ಕಿನುಚ್ಚಿನಷ್ಟು ಸಿಕ್ಕಿದರೂ ಹೊಸಬರಿಗೆ ಅದು ಒಳ್ಳೆಯ ದಿನವೇ.

ಇನ್ನೊಂದು ಮಾತು. ಡನಾಲಿ, ವೆಡರ್‌ಬರ್ನ್ ಕಡೆ ನೆಲ ಒಣ, ಬೇಸಿಗೆಯಲ್ಲಿ ಹಳ್ಳಗಳೂ ಬತ್ತುತ್ತವೆ. ಜಾಲಿಸಬೇಕೆಂದರೆ 20 ಲೀಟರ್ ನೀರು, ಅಗಲ ಬಾಯಿಯ ಟಬ್ಬು ಕಾರಿನಲ್ಲೇ ಇರಲಿ. ಟಬ್ಬಿನಲ್ಲೇ ಜಾಲಿಸಿದರೆ ಜಾರಿಹೋದ ಚಿನ್ನ ತಳದಲ್ಲೇ ಉಳಿಯುತ್ತದೆ, ಇನ್ನೊಮ್ಮೆ ಜಾಲಿಸಬಹುದು.

ಪ್ರ: ಎಷ್ಟು ಜಾಲಿಸಿದರೂ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ತಪ್ಪು ಜಾಗದ್ದೋ, ಕೈಯದ್ದೋ?

ಉ: ಮೊದಲು ಕೈ ಪರೀಕ್ಷಿಸಿ. ಮೀನುಗಾಳಕ್ಕೆ ಕಟ್ಟುವ ಹತ್ತು ಸಣ್ಣ ಸೀಸದ ಗುಂಡುಗಳನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ಎಣಿಸಿ ಮಣ್ಣಿಗೆ ಬೆರೆಸಿ ಜಾಲಿಸಿ. ಸೀಸ ನೀರಿಗಿಂತ 11 ಪಟ್ಟು ಭಾರ, ಚಿನ್ನ 19 ಪಟ್ಟು. ಹತ್ತೂ ಉಳಿದರೆ ಕೈ ಸರಿಯಿದೆ, ಜಾಗ ಬದಲಿಸಿ.

ಉಳಿಯದಿದ್ದರೆ ಹೀಗೆ ಮಾಡಿ. 6 ಮಿ.ಮೀ. ಕಣ್ಣಿನ ಜರಡಿಯಲ್ಲಿ ಮಣ್ಣು ಸೋಸಿ, 35 ಸೆಂ.ಮೀ. ತಟ್ಟೆಯನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿ ನೀರಿನಲ್ಲಿ ಮುಳುಗಿಸಿ. ಜೇಡಿಯ ಒಂದೊಂದು ಹೆಂಟೆಯನ್ನೂ ಬೆರಳಿನಿಂದ ಕಿವುಚಿ ಕರಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಕರಗದ ಜೇಡಿಯುಂಡೆ ಚಿನ್ನವನ್ನು ಅಂಟಿಸಿಕೊಂಡು ಹೊರಗೆ ಉರುಳಿಹೋಗುತ್ತದೆ. ನೀರು ತಿಳಿಯಾದ ಮೇಲೆ, ತಟ್ಟೆ ಮಟ್ಟಸವಾಗಿಯೇ ಇರುವಂತೆ ಎಡಬಲಕ್ಕೆ ಬಿರುಸಾಗಿ ಇಪ್ಪತ್ತು ಸಲ ಅಲ್ಲಾಡಿಸಿ; ಆಗ ಭಾರದ್ದು ತಳಕ್ಕಿಳಿಯುತ್ತದೆ. ಆಮೇಲೆ ಗೀರುಗಳಿರುವ ಅಂಚನ್ನು ಮುಂದಕ್ಕೆ ಬಾಗಿಸಿ, ಅಲೆ ಮೇಲ್ಪದರವನ್ನಷ್ಟೇ ಒಯ್ಯುವಂತೆ ಅದ್ದಿ ಎತ್ತಿ. ನಾಲ್ಕೈದು ಅದ್ದಿಗೊಮ್ಮೆ ಮತ್ತೆ ಮಟ್ಟಸ ಹಿಡಿದು ಅಲ್ಲಾಡಿಸಬೇಕು. ಅವಸರಕ್ಕೆ ಬಿದ್ದು ಇದನ್ನು ಬಿಟ್ಟರೆ ಮೇಲೆದ್ದ ಚಿನ್ನ ಮರಳಿನ ಜತೆಗೇ ಹೋಗುತ್ತದೆ. ಕೊನೆಗೆ ಉಳಿಯುವ ಕರಿಮರಳನ್ನು ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತದಿಂದ ಎತ್ತಿ.

ಧೂಳಿನಂಥ ಚಿನ್ನ ನೀರ ಮೇಲೆ ತೇಲುತ್ತಿದ್ದರೆ ಎಣ್ಣೆಜಿಡ್ಡು ಕಾರಣ. ಹೊಸ ತಟ್ಟೆಯನ್ನು ಪಾತ್ರೆ ಸೋಪು, ಮರಳು ಹಾಕಿ ಉಜ್ಜಿ. ಟಬ್ಬಿಗೆ ಒಂದು ತೊಟ್ಟು ಸೋಪು ಸಾಕು.

ಮಣ್ಣು ತೆಗೆಯುವುದು ಹಳ್ಳ ತಿರುಗುವಲ್ಲಿ ಒಳಮಗ್ಗುಲಿನಿಂದ, ದೊಡ್ಡ ಬಂಡೆಯ ಹಿಂದಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ತಳಬಂಡೆಯ ಬಿರುಕಿನಿಂದ. ಬಿರುಕನ್ನು ಸ್ಕ್ರೂಡ್ರೈವರ್‌ನಿಂದ ಕೆದಕಿ, ಕೊನೆಯ ಚಿಟಿಕೆಯನ್ನೂ ಬ್ರಷ್‌ನಿಂದ ಗುಡಿಸಿಕೊಳ್ಳಿ. ಮೇಲಿನ ಸಡಿಲ ಮರಳಿಗೆ ಬೆನ್ನು ನೋಯಿಸಿಕೊಳ್ಳಬೇಡಿ.

ಪ್ರ: ಕಡಿಮೆ ಬೆಲೆಯ ಡಿಟೆಕ್ಟರ್ ಕೊಂಡರೆ ಸಾಲದೆ? ನಮ್ಮದು ಇಡೀ ದಿನ ಕಿರುಚುತ್ತಲೇ ಇರುತ್ತದೆ.

ಉ: ಕಿರುಚುತ್ತಿರುವುದು ನೆಲಕ್ಕೆ. ಅಲ್ಲಿನ ಕೆಂಪುಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಿಡದೆ ಅಲೆ ಕಳಿಸುವ ಅಗ್ಗದ ವಿಎಲ್‌ಎಫ್ ಯಂತ್ರಗಳು ತಬ್ಬಿಬ್ಬಾಗುತ್ತವೆ. ಬಿಟ್ಟುಬಿಟ್ಟು ಅಲೆ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರ ಅಂಥ ನೆಲವನ್ನು ಎಷ್ಟೋ ಚೆನ್ನಾಗಿ ತಾಳುತ್ತದೆ, ಆದರೆ ಬೆಲೆ ಸಾವಿರಾರು ಡಾಲರ್. ನಾಲ್ಕು ದಿನಕ್ಕೆ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಇರುವ ಯಂತ್ರದಲ್ಲೇ ನಡೆಸುವುದಾದರೆ ಸೆನ್ಸಿಟಿವಿಟಿ ಇಳಿಸಿ, ಜಾಗ ಬದಲಾದಾಗಲೆಲ್ಲ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಎಂದರೆ ಯಂತ್ರವನ್ನು ಆ ನೆಲಕ್ಕೆ ಹೊಂದಿಸಿ. ಸ್ಟೀಲ್ ಮೂತಿಯ ಬೂಟು ಹಾಕಬೇಡಿ, ಮೊಬೈಲನ್ನು ಯಂತ್ರದ ತುದಿಯ ಬಿಲ್ಲೆಯಾದ ಕಾಯಿಲ್‌ನಿಂದ ದೂರ ಇಡಿ. ಕಾಯಿಲ್ ನೆಲ ಸವರುವಂತಿರಲಿ. ಬೀಸಿನ ಕೊನೆಯಲ್ಲಿ ಅದು ಮೇಲೇಳುವುದು ಎಲ್ಲರ ಚಾಳಿ, ಆಳದ ಸದ್ದು ಆಗಲೇ ತಪ್ಪುತ್ತದೆ.

ಸದ್ದು ಬಂದರೆ ಮೊದಲು ಕಾಲಿನಿಂದ ಮೇಲ್ಮಣ್ಣು ಸರಿಸಿ. ಅಯಸ್ಕಾಂತ ಆಡಿಸಿದರೆ ಮೊಳೆ, ತಗಡಿನ ಚೂರು ಅಂಟಿಕೊಂಡು ಬರುತ್ತವೆ. ಆಮೇಲೂ ಸದ್ದಿದ್ದರೆ ಅಗೆದು, ಮಣ್ಣನ್ನು ಪ್ಲಾಸ್ಟಿಕ್ ಚಮಚದಲ್ಲಿ ತುಂಬಿ ಕಾಯಿಲ್ ಮೇಲೆ ಆಡಿಸಿ. ಸದ್ದು ಬಂದ ಮಣ್ಣಿನಲ್ಲಿ ಅರ್ಧ ಚೆಲ್ಲಿ ಮತ್ತೆ ನೋಡಿ, ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಚಿಟಿಕೆ ಮಣ್ಣಿಗೆ ಬಂದು ನಿಲ್ಲುತ್ತದೆ. ಬಹುತೇಕ ಸಲ ಸಿಗುವುದು ಬಂದೂಕಿನ ಸೀಸ. ಚಿನ್ನವೂ ಸೀಸವೂ ಕಿವಿಗೆ ಒಂದೇ, ಅಗೆಯದೆ ವಿಧಿಯಿಲ್ಲ. ಗುಂಡಿ ಮುಚ್ಚಿಯೇ ಮುಂದೆ ಹೋಗಿ. ಅದು ಕಾನೂನು ಕೂಡ.

ಪ್ರ: ತಟ್ಟೆಯಲ್ಲಿ ಹಳದಿ ಮಿಂಚುತ್ತಿದೆ. ಚಿನ್ನವೆ?

ಉ: ತಟ್ಟೆಯನ್ನು ನೆರಳಿಗೆ ತನ್ನಿ. ಕಾಗೆಬಂಗಾರವಾದರೆ ಮಿಂಚು ಹೋಗುತ್ತದೆ, ಚಿನ್ನ ಹಳದಿಯಾಗಿಯೇ ಇರುತ್ತದೆ. ಆಮೇಲೆ ಸೂಜಿಯಿಂದ ಒತ್ತಿ: ಚಿನ್ನ ತಗ್ಗು ಬೀಳುತ್ತದೆ, ಚಿನ್ನದಂತೆಯೇ ಕಾಣುವ ಪೈರೈಟ್ ಎಂಬ ಖನಿಜ ಪುಡಿಯಾಗುತ್ತದೆ.

ಪ್ರ: ಒಂದು ಕಾಳು ಭಾರವಾಗಿದೆ, ಆದರೆ ಬೆಳ್ಳಿಯ ಬಣ್ಣ. ಬಿಸಿ ಮಾಡಿದರೆ ಹಳದಿಯಾಗುತ್ತದೆ ಎನ್ನುತ್ತಾರೆ, ಮಾಡಬಹುದೆ?

ಉ: ಬೇಡವೇ ಬೇಡ. ಹಳೆಯ ಗಣಿಗಾರರು ಚಿನ್ನ ಹಿಡಿಯಲು ಪಾದರಸ ಸುರಿಯುತ್ತಿದ್ದರು. ಅದು ಹಳ್ಳದ ತಳದಲ್ಲಿ ಇನ್ನೂ ಇದೆ, ಚಿನ್ನಕ್ಕೆ ಅಂಟಿಕೊಂಡು ಬೆಳ್ಳಿಯಂತೆ ಕಾಣಿಸುತ್ತದೆ. ಕಾಯಿಸಿದರೆ ಏಳುವ ಆವಿ ವಿಷ. ಅಂಥ ಕಾಳನ್ನು ಗಾಜಿನ ಸೀಸೆಯಲ್ಲಿ ಹಾಕಿ ಮುಚ್ಚಳ ಬಿಗಿದು ಬೇರೆ ಇಡಿ. ಹಳೆಯ ಗಣಿಗಳ ಬೂದುಬಣ್ಣದ ಮರಳುರಾಶಿಯಲ್ಲಿ ಆರ್ಸೆನಿಕ್ ಇರುವುದರಿಂದ ಅಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ, ಬುತ್ತಿ ಬಿಚ್ಚುವ ಮೊದಲು ಕೈ ತೊಳೆಯಿರಿ. ಪೊದೆಗಳ ನಡುವೆ ಬಾಯ್ತೆರೆದ ಹಳೆಯ ಗಣಿಬಾವಿಗಳಿರುತ್ತವೆ, ಅವುಗಳ ಅಂಚು ಒಳಗೊಳಗೇ ಕುಸಿದಿರುತ್ತದೆ. ಇಣುಕಿ ನೋಡಲು ಹೋಗಬೇಡಿ.