48 ದಿನದಲ್ಲಿ ಲಕ್ಷ ಜಪ: ಸಂಕಲ್ಪಕ್ಕೆ ಮೊದಲು ಒಂದು ಲೆಕ್ಕ

ನಮಸ್ಕಾರ. 48 ದಿನದಲ್ಲಿ ಒಂದು ಲಕ್ಷ ‘ಓಂ ನಮಃ ಶಿವಾಯ’ ಜಪದ ಸಂಕಲ್ಪ ಮಾಡಬೇಕೆಂದಿದ್ದೀರಿ. ಆದರೆ ಶಿಫ್ಟ್ ಕೆಲಸ, ಮಧ್ಯೆ ತಪ್ಪಿದರೆ ದೋಷವೇ ಎಂದು ಕೇಳಿದ್ದೀರಿ.

ಮೊದಲು ಲೆಕ್ಕ ನೋಡಿ. ಮಾಲೆಯಲ್ಲಿ 108 ಮಣಿ ಇದ್ದರೂ ನೂರು ಎಂದೇ ಎಣಿಸುವ ರೂಢಿ ಇದೆ. ಉಳಿದ ಎಂಟು ಉಚ್ಚಾರ ತಪ್ಪಿದ್ದಕ್ಕೆ, ಮನಸ್ಸು ಎಲ್ಲೋ ಓಡಿದ್ದಕ್ಕೆ. ಹಾಗಾದರೆ ಲಕ್ಷಕ್ಕೆ 1000 ಮಾಲೆ, ದಿನಕ್ಕೆ 21. ನನಗೆ ಒಂದು ಮಾಲೆಗೆ ಐದು ನಿಮಿಷ ಬೇಕು. ಅಂದರೆ ದಿನಾ ಒಂದೂಮುಕ್ಕಾಲು ಗಂಟೆ. ನೈಟ್ ಶಿಫ್ಟ್ ಮುಗಿಸಿ ಬಂದು ಅಷ್ಟು ಹೊತ್ತು ಕೂರುವುದು ಕಷ್ಟ ಅಲ್ವಾ?

ನಾನೂ ಇದೇ ಸಂಕಲ್ಪ ಮಾಡಿ ಒಂಬತ್ತನೇ ದಿನ ಬಿಟ್ಟೆ. ಶಿವನಿಗಿಂತ ಗಡಿಯಾರದ ಮೇಲೇ ಗಮನ ಜಾಸ್ತಿಯಾಗಿತ್ತು. ಬಹಳ ನೊಂದುಕೊಂಡೆ. ಆಮೇಲೆ ದಿನಕ್ಕೆ ಮೂರೇ ಮಾಲೆ ಎಂದು ಹಿಡಿದೆ. ಲಕ್ಷ ಮುಗಿಯಲು ಹನ್ನೊಂದು ತಿಂಗಳು ಬೇಕಾಯಿತು. ಮುಗಿದ ದಿನ ಕಣ್ಣು ತುಂಬಿ ಬಂತು.

ಪೂಜೆಯ ಸಂಕಲ್ಪದಲ್ಲಿ ಪುರೋಹಿತರು ‘ಯಥಾಶಕ್ತಿ’ ಎಂದು ಹೇಳಿಸುತ್ತಾರಲ್ಲ, ಅದು ಸುಮ್ನೆ ಸೇರಿಸಿದ ಮಾತಲ್ಲ. ತೀರಾ ಸುಸ್ತಾದ ದಿನವೂ ಎಷ್ಟು ಮಾಡಬಲ್ಲಿರೋ ಅಷ್ಟನ್ನೇ ಸಂಕಲ್ಪದಲ್ಲಿ ಹೇಳಿ. ಹುಷಾರಿಲ್ಲದೆ ತಪ್ಪಿದರೆ ಹೆದರಬೇಡಿ, ಮರುದಿನ ಸೇರಿಸಿ ಮಾಡಿ. ಬಸ್ಸಿನಲ್ಲಿ ಮನಸ್ಸಿನಲ್ಲೇ ಜಪಿಸಿ. ತುಟಿ ಅಲುಗದ ಮಾನಸ ಜಪವನ್ನು ಮನುಸ್ಮೃತಿ ಎಲ್ಲಕ್ಕಿಂತ ಮೇಲೆ ಇಡುತ್ತದೆ.

ಗುರುಗಳಿಂದ ಪಡೆದ ಮಂತ್ರವಾದರೆ ಸಂಖ್ಯೆಯನ್ನು ಅವರನ್ನೇ ಕೇಳಿ. ಇಲ್ಲದಿದ್ದರೆ ಈ ಸೋಮವಾರವೇ ಒಂದು ಮಾಲೆಯಿಂದ ಶುರು ಮಾಡಿ.