ರಾಯಚೂರಿನಲ್ಲಿ ತಬಲಾ ಒಂದನ್ನೇ ನಂಬಿ ಬದುಕಬಹುದಾ?

"ಮಗ ಬಿ.ಕಾಂ. ಮುಗಿಸಿದ್ದಾನೆ, ಎಂಟು ವರ್ಷದಿಂದ ತಬಲಾ ಕಲಿಯುತ್ತಿದ್ದಾನೆ. ಈಗ ನೌಕರಿ ಬೇಡ, ಕಾರ್ಯಕ್ರಮ ಮಾಡಿಕೊಂಡೇ ಇರ್ತೀನಿ ಅನ್ನುತ್ತಾನೆ. ರಾಯಚೂರಿನಂಥ ಊರಲ್ಲಿ ಇದು ಆಗುತ್ತಾ?" ಅಂತ ಕೇಳಿದ್ದೀರಿ. ಇದೇ ಊರಲ್ಲಿ 19 ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಆಗುತ್ತೆ. ಆದರೆ ನಿಮ್ಮ ಮಗ ಅಂದುಕೊಂಡ ಹಾಗೆ ಆಗಲಿಕ್ಕಿಲ್ಲ.

ಅವನ ತಲೆಯಲ್ಲಿ ಈಗ ಸೋಲೋ ಇರಬೇಕು. ಆ ವಯಸ್ಸಲ್ಲಿ ನನಗೂ ಅದೇ ಹುಚ್ಚು. ಇಷ್ಟು ವರ್ಷದಲ್ಲಿ ದುಡ್ಡು ತಗೊಂಡು ನಾನು ಸೋಲೋ ನುಡಿಸಿದ್ದು ನಾಲ್ಕೇ ಸಲ. ಅನ್ನ ಹಾಕಿದ್ದು ಸಾಥ್. ಹಾಡುವವರ ಪಕ್ಕದಲ್ಲಿ ಕೂತು, ಅವರ ದನಿ ಮುಂದಿಟ್ಟು, ಕೊಟ್ಟ ಜಾಗದಲ್ಲಿ ಎರಡು ಮಾತು ಆಡಿ ಸುಮ್ನಾಗುವುದು. ಇದು ಅವನಿಗೆ ಒಗ್ಗುತ್ತಾ ಅಂತ ಮೊದಲು ಕೇಳಿ.

ನಮ್ಮ ಕಡೆ ತಬಲಾದವನ ವರ್ಷ ನಡೆಯುವುದು ಪಂಚಾಂಗದ ಮೇಲೆ. ಶ್ರಾವಣ ಬಂತು ಅಂದ್ರೆ ಮಠಗಳಲ್ಲಿ, ಊರ ಗುಡಿಗಳಲ್ಲಿ ತಿಂಗಳಿಡೀ ಪುರಾಣ, ಪ್ರವಚನ. ಶಾಸ್ತ್ರಿಗಳು ಹೇಳುತ್ತಾರೆ, ನಡುನಡುವೆ ಗವಾಯಿಗಳು ವಚನ, ತತ್ವಪದ ಹಾಡುತ್ತಾರೆ, ಪಕ್ಕದಲ್ಲಿ ತಬಲಾ. ಒಂದು ತಿಂಗಳು ಅದೇ ಊರಲ್ಲಿ ಠಿಕಾಣಿ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಈ ಕೆಲಸದಲ್ಲಿ ಜಾಸ್ತಿ. ಅಲ್ಲಿಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಹೋದರು. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಊರೂರಲ್ಲಿ ಸಿಗುತ್ತಾರೆ. ನನ್ನ ಗುರುಗಳೂ ಅಲ್ಲಿಯವರೇ.

ಇನ್ನೊಂದು ಕಡೆ ದಾಸರು. ಶ್ರಾವಣದ ಕೃಷ್ಣಪಕ್ಷದಲ್ಲಿ ಮಂತ್ರಾಲಯದಲ್ಲಿ ರಾಯರ ಆರಾಧನೆ. ಭಾದ್ರಪದ ಶುದ್ಧ ನವಮಿ ಮಾನ್ವಿಯ ಜಗನ್ನಾಥದಾಸರದು. ಕಾರ್ತಿಕ ಶುದ್ಧ ದಶಮಿ ಚೀಕಲಪರ್ವಿಯ ವಿಜಯದಾಸರದು. ಪುಷ್ಯದ ಅಮಾವಾಸ್ಯೆ ಪುರಂದರದಾಸರದು, ಅವತ್ತು ಒಬ್ಬನೇ ಮೂರು ಕಡೆ ಬೇಕಾಗುತ್ತೇನೆ. ಬೆಂಗಳೂರಲ್ಲಿ ದಾಸವಾಣಿ ಅಂದ್ರೆ ಹೆಚ್ಚಾಗಿ ಸಂಜೆಯ ಕಚೇರಿ. ಇಲ್ಲಿ ಅದು ದಾಸರು ಓಡಾಡಿದ ಮಣ್ಣಿನದೇ ಹಾಡು, ಮುಂದೆ ಕೂತ ಅಜ್ಜಿಗೆ ಎಲ್ಲಾ ನುಡಿ ಬಾಯಿಪಾಠ. ತಬಲಾ ಜೋರಾಗಿ ಒಂದು ಶಬ್ದ ಮುಚ್ಚಿಹೋದರೆ ಆಕೆಯ ಮುಖದಲ್ಲೇ ಗೊತ್ತಾಗುತ್ತೆ. ಭಜನಿ ಠೇಕಾವನ್ನು, ಅಂದ್ರೆ ಭಜನೆಗೆ ನುಡಿಸುವ ತಾಳದ ನಡೆಯನ್ನು, ಮೆಲ್ಲಗೆ ಹಿಡಿದು ಕೂರುವುದನ್ನು ನಾನು ಕಲಿತದ್ದು ಅಂಥ ಅಜ್ಜಿಯರಿಂದ.

ಗಣೇಶ, ದಸರಾ, ಜಾತ್ರೆ, ಉತ್ಸವ ಎಲ್ಲಾ ಸೇರಿ ಯುಗಾದಿ, ರಾಮನವಮಿವರೆಗೆ ನಡೆಯುತ್ತೆ. ಆಮೇಲೆ ತೆಳುವಾಗುತ್ತೆ. ಆಷಾಢ ಪೂರ್ತಿ ಖಾಲಿ. ಆ ತಿಂಗಳು ಪಾಠದ ದುಡ್ಡಿನಲ್ಲಿ ಮನೆ ನಡೆಯಬೇಕು. 2020ರಲ್ಲಿ ಲಾಕ್‌ಡೌನ್ ಆಗಿ ಶ್ರಾವಣವೂ ಆಷಾಢದಂತೆಯೇ ಹೋಯಿತು. ಆಗ ಮನೆ ನಡೆದದ್ದು ನನ್ನ ಹೆಂಡತಿಯ ಹೊಲಿಗೆ ಮಷೀನಿನಿಂದ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಿದರೆ ತಪ್ಪಾಗುತ್ತೆ.

ದುಡ್ಡಿನ ಮಾತು. ಒಂದು ಸಂಜೆಗೆ ನನಗೆ 2,500ರಿಂದ 5,000 ಸಿಗುತ್ತೆ. ಪುರಾಣಕ್ಕಾದರೆ ತಿಂಗಳಿಗೆ ಇಷ್ಟು ಅಂತ ಮೊದಲೇ ಮಾತು, ಊಟ ವಸತಿ ಅವರದೇ. ದೊಡ್ಡ ವೇದಿಕೆಯ ದುಡ್ಡು ತಡ. ಒಂದು ಉತ್ಸವದ್ದು ಏಳು ತಿಂಗಳಿಗೆ ಬಂತು, ಎಲ್ಲಿಯದು ಅನ್ನುವುದು ಬೇಡ. ಹಳ್ಳಿಯವರು ಮಾತ್ರ ಅವತ್ತೇ ಕೈಗೆ ಕೊಡುತ್ತಾರೆ, ಮೇಲೊಂದು ಶಾಲು. ಆ ಶಾಲುಗಳನ್ನು ನಾನು ಡಗ್ಗಾಕ್ಕೆ, ಅಂದ್ರೆ ಎಡಗೈಯಲ್ಲಿ ನುಡಿಸುವ ದೊಡ್ಡದಕ್ಕೆ, ಸುತ್ತುತ್ತೇನೆ, ಬಸ್ಸಿನ ಕುಲುಕಿಗೆ ಒಳ್ಳೆಯದು. ಆಡಿಷನ್‌ನಲ್ಲಿ ಆಕಾಶವಾಣಿ ಕಲಾವಿದರಿಗೆ ಕೊಡುವ ಗ್ರೇಡ್ ಇದ್ದರೆ ಕರಪತ್ರದಲ್ಲಿ ಹೆಸರಿನ ಮುಂದೆ ಹಾಕಲು ಬರುತ್ತೆ, ಅದಕ್ಕೂ ಬೆಲೆ ಇದೆ. ಮಗನಿಗೆ ಆಡಿಷನ್ ಕೊಡಲು ಹೇಳಿ.

ತಿರುಗಾಟದ ಬಗ್ಗೆ ನೀವು ಕೇಳಿಲ್ಲ, ಆದರೆ ಅರ್ಧ ಆಯುಷ್ಯ ಹೋಗುವುದು ಅಲ್ಲೇ. ಮುಂಬೈ-ಚೆನ್ನೈ ದೊಡ್ಡ ಲೈನಿನಲ್ಲಿ ನಮ್ಮೂರು ಇರುವುದರಿಂದ ಸೋಲಾಪುರ, ಪುಣೆ ಸಲೀಸು. ತಬಲಾದ ಬಾಯಿಗೆ ಹೊಸ ಚರ್ಮದ ಹೊದಿಕೆ (ನಾವು ಪುಡಿ ಅನ್ನುತ್ತೇವೆ) ಹಾಕಿಸಲು ನಾನು ಹೋಗುವುದೂ ಸೋಲಾಪುರಕ್ಕೇ. ಹುಬ್ಬಳ್ಳಿ, ಧಾರವಾಡ ಅಂದ್ರೆ ಬಸ್ಸೇ. ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ ದಾಟುವಷ್ಟರಲ್ಲಿ ಸೊಂಟ ಹೋಗಿರುತ್ತೆ. ಶ್ರುತಿಯನ್ನು ನಾವು ಹಾರ್ಮೋನಿಯಂನ ಕರಿ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಗಂಡಸರು ಹಾಡುವುದು ಹೆಚ್ಚಾಗಿ ಕರಿ ಒಂದರ ಆಸುಪಾಸು, ಹೆಣ್ಣುಮಕ್ಕಳದು ಕರಿ ನಾಲ್ಕು-ಐದು. ಒಂದೇ ತಬಲಾ ಎರಡಕ್ಕೂ ಆಗಲ್ಲ, ಗಾಯಕಿಯರಿಗೆ ದೊಡ್ಡ ಬಾಯಿಯದು ಬೇಕು. ಹಾಗಾಗಿ ಯಾವಾಗಲೂ ಎರಡು ತಬಲಾ, ಒಂದು ಡಗ್ಗಾ, ಸುತ್ತಿಗೆ, ಪೌಡರ್ ಡಬ್ಬಿ. ಒಬ್ಬ ಕಂಡಕ್ಟರ್ ಚೀಲ ಒತ್ತಿ ನೋಡಿ, "ಕೋಳಿ ಅದಾವೇನ್ರಿ ಇದರಾಗ? ಟಿಕೆಟ್ ತಗೀಬೇಕಾಗ್ತದ" ಅಂದಿದ್ದ. ಜಿಪ್ ತೆಗೆದು ಬಾರಿಸಿ ತೋರಿಸಿದ ಮೇಲೆ ಮಾನ್ವಿವರೆಗೆ ನುಡಿಸು ಅಂತ ಇಡೀ ಬಸ್ಸು ಹಟ ಹಿಡಿಯಿತು.

ನಿಜವಾದ ಕಷ್ಟ ಹವೆಯದು. ತಬಲಾದ ಮೇಲಿರುವುದು ಚರ್ಮ. ಮೇ ತಿಂಗಳ 42 ಡಿಗ್ರಿ ಒಣ ಬಿಸಿಲಿಗೆ ಅದು ಬಿಗಿಯುತ್ತೆ, ಸ್ವರ ಏರುತ್ತೆ. ಮೇಲಿಂದ ಫೋಕಸ್ ಲೈಟ್ ಬಿಟ್ಟರಂತೂ ಒಂದು ಖಯಾಲ್ ಮುಗಿಯುವುದರೊಳಗೆ ತಾನ್ಪುರ ಒಂದು ದಾರಿ, ನಾನೊಂದು ದಾರಿ. ಮಳೆಯ ಊರಿಗೆ ಹೋದರೆ ಉಲ್ಟಾ. ಒಂದು ಜುಲೈಯಲ್ಲಿ ಉಡುಪಿ ಕಡೆ ಒಬ್ಬರ ಮನೆಯಲ್ಲಿ ಹಾಡಿಕೆ ಇತ್ತು. ಬೆಳಗಿನ ಜಾವ ಇಳಿದಾಗಿನಿಂದ ಜಿಟಿಜಿಟಿ ಮಳೆ. ಸ್ವರ ಇಳಿಯುತ್ತಲೇ ಇದೆ, ಚರ್ಮ ಬಿಗಿಸುವ ಮರದ ತುಂಡು, ಗಟ್ಟಾ, ಬಡಿದು ಬಡಿದು ಇನ್ನು ಸರಿಸಲು ಜಾಗವಿಲ್ಲ. ಗಾಯಕರು ಸುಮ್ನೆ ಕಣ್ಣು ಮುಚ್ಚಿ ಕೂತಿದ್ದಾರೆ, ನನ್ನ ಬೆನ್ನಲ್ಲಿ ಬೆವರು. ಆ ಮನೆಯ ಅಜ್ಜಿ ಒಳಗಿಂದ ಅಗ್ಗಿಷ್ಟಿಕೆ ತಂದಿಟ್ಟು, "ನಿನ್ನ ತಬಲಕ್ಕೆ ಶೀತ ಆಗಿದೆ ಮಾರಾಯ" ಅಂದರು. ದೂರದಿಂದ ಕಾವು ತೋರಿಸಿದೆ, ಸ್ವರ ಬಂತು. 20 ನಿಮಿಷಕ್ಕೆ ಮತ್ತೆ ಇಳಿಯಿತು. ಕೊನೆಯವರೆಗೂ ಪ್ರತಿ ಹಾಡಿನ ನಡುವೆ ಅಜ್ಜಿ ಕೆಂಡ ಊದುತ್ತಾ ಪಕ್ಕದಲ್ಲೇ ಕೂತಿದ್ದರು.

ಒಂದು ಎಚ್ಚರಿಕೆ. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡಬಾರದು. ಶುರುವಿನಲ್ಲಿ ನಾನು ಪುರಾಣದ ನಡುವೆ ಬೆಂಗಳೂರಿನ ಒಂದು ಕಚೇರಿಗೆ ಓಡಿದ್ದೆ, ಬದಲಿಗೆ ಯಾರನ್ನೂ ಕಳಿಸಲಿಲ್ಲ. ಆ ಊರಿನವರು ಮತ್ತೆ ಕರೆದದ್ದು ಆರು ವರ್ಷ ಬಿಟ್ಟು. ಈಗ ಹಾಗೇನಾದರೂ ಬಂದರೆ ನನಗಿಂತ ಚೆನ್ನಾಗಿ ನುಡಿಸುವವನನ್ನೇ ಕಳಿಸಿ ಹೋಗುತ್ತೇನೆ. ಸ್ವಲ್ಪ ಹೊಟ್ಟೆ ಉರಿಯುತ್ತೆ, ಇರಲಿ.

ನೌಕರಿ ಹುಡುಕಲೋ ಬೇಡವೋ ಅಂತ ಈಗಲೇ ತೀರ್ಮಾನ ಮಾಡಬೇಡಿ. ಕಾರ್ತಿಕ ದಶಮಿಗೆ ನಾನು ಚೀಕಲಪರ್ವಿಗೆ ಹೋಗುತ್ತೇನೆ. ಅವನನ್ನೂ ಕಳಿಸಿ. ಒಂದೆರಡು ಪದಕ್ಕೆ ಕೂರಿಸೋಣ. ಹೋಗುವಾಗ ಡಗ್ಗಾದ ಚೀಲ ಅವನಿಗೇ ಕೊಡ್ತೀನಿ, ಅದೇ ಭಾರ.