ಗೇಟಿನಲ್ಲಿ ಎಸ್ಟೇಟ್, ಒಳಗೆ ತೋಟ

ಮೂಡಿಗೆರೆ ಕಡೆಯ ಓದುಗರೊಬ್ಬರು, ಹೆಸರು ಪ್ರಕಟಿಸಬೇಡಿ ಎಂಬ ಕೋರಿಕೆಯೊಂದಿಗೆ, ಹೀಗೆ ಬರೆದಿದ್ದಾರೆ: ‘ಕಳೆದ ಸಂಚಿಕೆಯ ಕಾಫಿ ಲೇಖನದಲ್ಲಿ ಎಸ್ಟೇಟ್ ಎಂಬ ಮಾತನ್ನು ಒಂದು ಕಡೆಯೂ ಬಳಸದೆ ತೋಟ, ತೋಟ ಎಂದೇ ಬರೆದಿದ್ದೀರಿ. ಹಿತ್ತಲಿನ ಬದನೆ ಗಿಡಗಳೂ ತೋಟ, ನೂರಿಪ್ಪತ್ತು ಎಕರೆ ಕಾಫಿಯೂ ತೋಟ ಎಂದರೆ ಹೇಗೆ? ನಿಘಂಟು ತೆರೆದರೆ ಎಸ್ಟೇಟ್‌ಗೆ ಹತ್ತು ಅರ್ಥಗಳು ಸಿಗುತ್ತವೆ. ಅದಕ್ಕೆ ಸಮನಾದ ಪದ ಕನ್ನಡದಲ್ಲಿಲ್ಲವೆಂದು ಒಪ್ಪಿಕೊಂಡುಬಿಡಿ. ಹೂಮಳೆ ಬಿದ್ದ ಮೇಲೆ ಒಮ್ಮೆ ತೋಟ ನೋಡಲು ಬನ್ನಿ.’

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ಕೊನೆಯ ವಾಕ್ಯಕ್ಕಾಗಿ. ಅದರ ಮಾತು ಆಮೇಲೆ.

ನೀವು ಹೇಳುವುದರಲ್ಲಿ ಹುರುಳಿಲ್ಲವೆನ್ನಲಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಪ್ಲಾಂಟರುಗಳು ಬಾಬಾಬುಡನ್‌ಗಿರಿಯ ಸುತ್ತಲೂ ಸಕಲೇಶಪುರದ ಕಡೆಯ ಮಂಜರಾಬಾದಿನಲ್ಲೂ ಕಾಡು ಕಡಿದು ಕಾಫಿ ಹಾಕಿದಾಗ ಲೈನು (ಆಳುಗಳ ಸಾಲುಮನೆ), ರೈಟರು (ಗುಮಾಸ್ತ), ಬಂಗಲೆಗಳ ಜೊತೆಗೆ ಎಸ್ಟೇಟ್ ಎಂಬ ಮಾತೂ ನೆಲೆಯೂರಿತು. ಲೈನ್ ಮನೆಗಳಲ್ಲಿ ಇರುವವರ ಬಾಯಲ್ಲೂ ಅದು ಸಲೀಸಾಗಿ ಬರುತ್ತದೆ. ಅದನ್ನು ಓಡಿಸಬೇಕೆಂಬ ಹಟ ನನಗಿಲ್ಲ. ನಮ್ಮ ಪದಕ್ಕೆ ಅಷ್ಟು ತೂಕವಿಲ್ಲ ಎಂಬ ನಿಮ್ಮ ತೀರ್ಪಿನ ಬಗ್ಗೆ ಮಾತ್ರ ನನ್ನ ತಕರಾರು.

ಎಸ್ಟೇಟ್ ಎಂಬುದು ಹುಟ್ಟಿನಿಂದ ಭೂಮಿಗೆ ಸಂಬಂಧಿಸಿದ ಪದವೇ ಅಲ್ಲ. ಲ್ಯಾಟಿನ್ನಿನ ಸ್ಟೇಟಸ್ ಹಳೆಯ ಫ್ರೆಂಚಿನಲ್ಲಿ ಎಸ್ತಾತ್ ಎಂದಾಗಿ ಇಂಗ್ಲಿಷಿಗೆ ಬಂತು. ಮೂಲದ ಅರ್ಥ ನಿಂತಿರುವ ಬಗೆ, ಅಂದರೆ ಸ್ಥಿತಿ. ನಾವು ಸಂಸ್ಕೃತದಿಂದ ತಂದುಕೊಂಡ ಸ್ಥಿತಿ, ಸ್ಥಾನ, ಸ್ಥಾವರಗಳೂ ಅದೇ ಬೇರಿನ ಚಿಗುರುಗಳು. ಮನುಷ್ಯನ ಸ್ಥಿತಿ ಎಂದಿದ್ದದ್ದು ಸಮಾಜದಲ್ಲಿ ಅವನ ಅಂತಸ್ತು ಎಂದಾಯಿತು, ಅಂತಸ್ತು ಜಮೀನಿನಿಂದ ಬರುತ್ತಿದ್ದ ಕಾಲದಲ್ಲಿ ಜಮೀನೇ ಎಸ್ಟೇಟ್ ಆಯಿತು. ಹೀಗಿರುವಾಗ ಅದಕ್ಕೆ ಒಂದೇ ಸಮಾನಪದ ಹುಡುಕುವುದೆಂದರೆ, ಇಡೀ ಕುಟುಂಬಕ್ಕೆ ಒಂದೇ ಅಂಗಿ ಹೊಲಿಸಿದ ಹಾಗೆ. ರಿಯಲ್ ಎಸ್ಟೇಟ್ ಎಂದಾಗ ಸ್ಥಿರಾಸ್ತಿ. ಇಂಡಸ್ಟ್ರಿಯಲ್ ಎಸ್ಟೇಟ್ ಎಂದಾಗ ಕೈಗಾರಿಕಾ ವಸಾಹತು. ಇಂಗ್ಲೆಂಡಿನವರು ಹಿಂಬದಿಯಲ್ಲಿ ಸಾಮಾನು ತುಂಬುವ ಉದ್ದನೆಯ ಕಾರಿಗೂ ಎಸ್ಟೇಟ್ ಎನ್ನುತ್ತಾರೆ, ಅದಕ್ಕೆ ಕಾರು ಎಂದರೆ ಸಾಕು.

ಸತ್ತವರು ಬಿಟ್ಟುಹೋದದ್ದೆಲ್ಲವೂ, ಸಾಲವನ್ನೂ ಸೇರಿಸಿ, ಕಾನೂನಿನ ಕಣ್ಣಿನಲ್ಲಿ ಎಸ್ಟೇಟ್. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ ತೆರಿಗೆ ಹಾಕಿದ್ದು ಇಂಥ ಆಸ್ತಿಯ ಮೇಲೆಯೇ ಹೊರತು ಕಾಫಿ ಗಿಡಗಳ ಮೇಲಲ್ಲ. 1985ರಲ್ಲಿ ಆ ತೆರಿಗೆ ರದ್ದಾಯಿತು. ಕೆಲವು ವರ್ಷಗಳ ಹಿಂದೆ ಹಾಸನದಲ್ಲಿ ನನ್ನ ಸ್ನೇಹಿತರೊಬ್ಬರು ತಂದೆ ತೀರಿಕೊಂಡ ಮೇಲೆ ಒಂದು ಕಚೇರಿಯಿಂದ ಬಂದ ಕಾಗದವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ‘ಮೃತರ ತೋಟದ ವಿವರಗಳನ್ನು ಹದಿನೈದು ದಿನಗಳೊಳಗೆ ಸಲ್ಲಿಸತಕ್ಕದ್ದು’ ಎಂದಿತ್ತು. ಆ ಹಿರಿಯರು ಬದುಕಿನುದ್ದಕ್ಕೂ ಕಿರಾಣಿ ಅಂಗಡಿ ನಡೆಸಿದವರು. ಅವರಿಗಿದ್ದ ಮಣ್ಣೆಂದರೆ ತುಳಸಿಕಟ್ಟೆಯಲ್ಲಿದ್ದಷ್ಟೇ. ಆದರೂ ಮನೆಯವರು ಅಪ್ಪ ಎಲ್ಲೋ ಗುಟ್ಟಾಗಿ ತೋಟ ಮಾಡಿಟ್ಟಿದ್ದರೇನೋ ಎಂದು ಒಂದು ವಾರ ಟ್ರಂಕು ತಡಕಿದ್ದರು. ಎಸ್ಟೇಟ್‌ಗೆ ನಿಘಂಟಿನ ಸಾಲಿನಲ್ಲಿ ಮೊದಲು ಕಂಡ ಪದವನ್ನು ಕಿತ್ತು ಅಂಟಿಸುವ ಅನುವಾದದ ಕೆಲಸ ಇದು. ಅಲ್ಲಿ ತಪ್ಪಿದ್ದು ತೋಟ ಎಂಬ ಪದವಲ್ಲ, ಓದದೆ ಬರೆದ ಕೈ.

ಕಲ್ಲು ನಮ್ಮ ಮೇಲೂ ಬೀಳಲಿ. ಪತ್ರಿಕೆಗಳನ್ನು ನಾಲ್ಕನೆಯ ಅಂಗವೆಂದು ನಾವು ಪತ್ರಕರ್ತರು ಹೆಮ್ಮೆಯಿಂದ ಬರೆದುಕೊಳ್ಳುತ್ತೇವೆ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ನಂತರದ್ದು ಎಂದು. ಆದರೆ ಫೋರ್ತ್ ಎಸ್ಟೇಟ್ ಎಂಬಲ್ಲಿನ ಮೊದಲ ಮೂರು ಇವಲ್ಲ. 1789ರ ಮೇ ತಿಂಗಳಲ್ಲಿ ಫ್ರಾನ್ಸಿನ ದೊರೆ ವರ್ಸೇಲ್ಸ್‌ನಲ್ಲಿ ಸೇರಿಸಿದ ಸಭೆಯಲ್ಲಿ ಕೂತಿದ್ದಂಥ ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಎಂಬ ಮೂರು ವರ್ಗಗಳವು. ನಾವು ಎಣಿಕೆಯನ್ನು ಮಾತ್ರ ಉಳಿಸಿಕೊಂಡು ಎಣಿಕೆಗೆ ಬಂದವರನ್ನೇ ಬದಲಾಯಿಸಿದೆವು!

ಇನ್ನು ದೊಡ್ಡಸ್ತಿಕೆಯ ಪ್ರಶ್ನೆ. 1942ರ ಕಾಫಿ ಕಾಯ್ದೆಯ ಪ್ರಕಾರ ಕಾಫಿ ಗಿಡ ನೆಟ್ಟ ನೆಲವುಳ್ಳ, ಒಂದೇ ಘಟಕವಾಗಿ ನೋಡಿಕೊಳ್ಳುವ ಪ್ರದೇಶವೇ ಎಸ್ಟೇಟ್. ಆ ವ್ಯಾಖ್ಯೆಯಲ್ಲಿ ಎಕರೆಯ ಲೆಕ್ಕವಿಲ್ಲ. ಎಕರೆ, ಆಳುಗಳ ಲೆಕ್ಕ ಬರುತ್ತಿದ್ದುದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ. ಮೊದಲು ಅದು ಅನ್ವಯವಾಗುತ್ತಿದ್ದುದು 25 ಎಕರೆಯೂ 30 ಆಳುಗಳೂ ಇರುವ ಕಡೆ. ಅಲ್ಲಿಯ ಇಂಗ್ಲಿಷ್ ಪದ ಪ್ಲಾಂಟೇಷನ್, ಎಸ್ಟೇಟ್ ಅಲ್ಲ. ಎಂದಮೇಲೆ ಎಸ್ಟೇಟ್ ಎಂದರೆ ದೊಡ್ಡದು, ತೋಟವೆಂದರೆ ಚಿಕ್ಕದು ಎಂಬುದು ಗೇಟಿನ ಫಲಕಗಳು ಹಬ್ಬಿಸಿದ ನಂಬಿಕೆ. ಒಂದೂವರೆ ಎಕರೆಗೂ ಹಿತ್ತಾಳೆ ಅಕ್ಷರದಲ್ಲಿ ಎಸ್ಟೇಟ್ ಎಂದು ಬರೆಸಿದ ಫಲಕವನ್ನು ನಾನು ಆಲ್ದೂರಿನ ದಾರಿಯಲ್ಲಿ ನೋಡಿದ್ದೇನೆ. ಅದೇ ಮನೆಯವರ ಅಡಿಕೆ ಮಾತ್ರ, ಎಷ್ಟೇ ಎಕರೆಯಿರಲಿ, ಅಡಿಕೆ ತೋಟವೇ. ಅಡಿಕೆಗೆ ಇಲ್ಲದ ಮುಜುಗರ ಕಾಫಿಗೆ ಏಕೆ?

ತೋಟ ಹಳೆಯ ಪದ. ಹಳೆಯ ರೂಪ ತೋಂಟ. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಎಡೆಯೂರಿನ ಸಿದ್ಧಲಿಂಗ ಯತಿಗಳಿಗೆ ತೋಂಟದ ಎಂಬ ವಿಶೇಷಣ ಬಂದದ್ದು ತೋಟದಲ್ಲಿ ತಪಸ್ಸು ಮಾಡಿದ್ದರಿಂದ ಎನ್ನುತ್ತಾರೆ. ತಮಿಳರಿಗೂ ಮಲಯಾಳಿಗಳಿಗೂ ಅದು ತೋಟ್ಟಂ; ಶ್ರೀಲಂಕಾದ ಬೆಟ್ಟಗಳಲ್ಲಿ ಸಾಲುಸಾಲು ಚಹಾ ಬೆಳೆಯುವ ವಿಸ್ತಾರಕ್ಕೂ ತಮಿಳರು ತೋಟ್ಟಂ ಎನ್ನುತ್ತಾರೆ, ಅಲ್ಲಿ ದುಡಿಯುವವರು ತೋಟ್ಟದ ತೊಳಿಲಾಳರು. ಆ ಪದಕ್ಕೆ ನಿಮ್ಮ ನೂರಿಪ್ಪತ್ತು ಎಕರೆ ಭಾರವಾಗುವುದಿಲ್ಲ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಹೂಮಳೆ, ಕಣ ಎಂದು ಕೆಲಸದ ಮಾತುಗಳನ್ನೆಲ್ಲ ಕನ್ನಡದಲ್ಲಿಟ್ಟುಕೊಂಡು ಹೆಸರಿಗೆ ಮಾತ್ರ ಇಂಗ್ಲಿಷಿಗೆ ಕೈಚಾಚುವುದು, ಹೊಟ್ಟೆತುಂಬ ಅಕ್ಕಿ ರೊಟ್ಟಿ ತಿಂದು ನೆಂಟರ ಮುಂದೆ ಬ್ರೆಡ್ಡು ಎಂದಂತೆ. ಮಕ್ಕಳ ಶಾಲೆಯಿಂದ ಮದುವೆಯ ಕರೆಯೋಲೆಯವರೆಗೆ ಈ ಸಂಕೋಚ ಹಬ್ಬಿದೆ. ಕಾಫಿ ನಾಡಿನಲ್ಲಿ ಸ್ವಲ್ಪ ಹೆಚ್ಚೇ ಹಬ್ಬಿದೆಯೆಂದರೆ ನೀವು ಬೇಸರಿಸಬಾರದು.

ನಿಮ್ಮ ಗೇಟಿನ ಮೇಲಿನ ಹೆಸರು ಅಂಕಿತನಾಮ. ಅದನ್ನು ಎಸ್ಟೇಟ್ ಸಹಿತವಾಗಿಯೇ ಅಚ್ಚು ಮಾಡುತ್ತೇವೆ. ಒಳಗಿನ ಗಿಡ, ನೆರಳು, ಆಳುಗಳ ವಿಷಯ ಬರೆಯುವಾಗ ತೋಟವೆಂದೇ ಬರೆಯುತ್ತೇವೆ. ಎಸ್ಟೇಟನ್ನು ಸಮರ್ಥಿಸಿ ಎರಡು ಪುಟ ಬರೆದ ನೀವು ಕೊನೆಗೆ ಮನಸ್ಸು ಬಿಚ್ಚಿ ಕರೆಯುವಾಗ ‘ತೋಟ ನೋಡಲು ಬನ್ನಿ’ ಎಂದಿರಿ. ಖಂಡಿತ ಬರುತ್ತೇನೆ, ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಬೆಳ್ಳಗೆ ಅರಳಿದ ಬೆಳಿಗ್ಗೆ ಒಂದು ಫೋನು ಮಾಡಿ.

ಸಂಪಾದಕ